ಕೋಲ್‌ಮನ್ ಸಾಹೇಬರ ಮುಂದಾಳುತನ

ಮುಂದಾಳು ಎಂದ ಕೂಡಲೇ ಪಟೇಲನನ್ನೋ ಊರ ಯಜಮಾನನನ್ನೋ ನಾವು ನೆನಸುತ್ತೇವೆ. ಆದರೆ ಸೋಮನಹಳ್ಳಿಯ ಸುತ್ತಲಿನ ಮದ್ದೂರು ಮಂಡ್ಯದ ಸೀಮೆಗೆ ಕಬ್ಬಿನ ಬೇಸಾಯವು ಹಬ್ಬುವುದಕ್ಕೆ ದುಡಿದವರೊಬ್ಬರು ಹುಳುಗಳನ್ನೂ ಬೂಷ್ಟನ್ನೂ ಪರೀಕ್ಷಿಸುವ ಉದ್ಯೋಗದಿಂದಲೇ ಮುಂದಾಳಾದರು. ಅವರೇ ಡಾಕ್ಟರ್ ಲೆಸ್ಲಿ ಕೋಲ್‌ಮನ್.

ಇವರು 1878ನೆಯ ಇಸವಿಯಲ್ಲಿ ಕೆನಡಾ ದೇಶದಲ್ಲಿ ಹುಟ್ಟಿ, ಅಲ್ಲಿಯೂ ಜರ್ಮನಿಯಲ್ಲಿಯೂ ವಿದ್ಯೆ ಕಲಿತು, 1908ರಲ್ಲಿ ಮೈಸೂರು ಸಂಸ್ಥಾನದ ಸೇವೆಗೆ ಬಂದರು. ಆಗ ಮಲೆನಾಡಿನ ಅಡಿಕೆ ತೋಟಗಳನ್ನು ಕೊಳೆರೋಗವು ಹಾಳುಮಾಡುತ್ತಿತ್ತು. ಮಳೆಗಾಲದಲ್ಲಿ ಎಳೆಯ ಕಾಯಿಗಳು ಕೊಳೆತು ಉದುರುವವು. ಗೊನೆಗಳಿಗೆ ಕೊಟ್ಟೆ ಕಟ್ಟಿ ಮಳೆಯನ್ನು ತಡೆಯುವುದೇ ರೈತರಿಗೆ ಗೊತ್ತಿದ್ದ ಉಪಾಯ. ಕೋಲ್‌ಮನ್‌ರು ಈ ರೋಗವನ್ನು ಶೋಧಿಸಿ, ಅದಕ್ಕೆ ಒಂದು ಬಗೆಯ ಬೂಷ್ಟೇ ಕಾರಣವೆಂದು ಕಂಡು, 1910ರಲ್ಲಿ ಅದನ್ನು ಕುರಿತು ಬರೆದು ಪ್ರಕಟಿಸಿದರು. ಮೈಲುತುತ್ತವನ್ನೂ ಸುಣ್ಣವನ್ನೂ ನೀರಿನಲ್ಲಿ ಬೆರಸಿ, ಮಳೆ ಹಿಡಿಯುವುದಕ್ಕೆ ಮುಂಚೆಯೇ ಗೊನೆಗಳಿಗೆ ಸಿಂಪಡಿಸಬೇಕೆಂಬುದು ಅವರು ತೋರಿಸಿದ ದಾರಿ.

ಇಲ್ಲಿ ಒಂದು ಸಂಗತಿಯನ್ನು ಗಮನಿಸತಕ್ಕದ್ದು. ಈ ರೋಗವು ಗಾಳಿಮಳೆಯೊಡನೆ ತೋಟದಿಂದ ತೋಟಕ್ಕೆ ಹರಡುವಂಥದ್ದು. ಒಬ್ಬನು ಔಷಧಿ ಹೊಡೆದು ಬೇಲಿಯಾಚೆಯವನು ಸುಮ್ಮನಿದ್ದರೆ ಇಬ್ಬರಿಗೂ ಕಷ್ಟ. ಮೇಲಾಗಿ ಕಾಯಿ ಇನ್ನೂ ಚೆನ್ನಾಗಿರುವಾಗಲೇ ಹಣ ಖರ್ಚುಮಾಡಬೇಕು. ಅನುಭವಸ್ಥನಾದ ಬೇಸಾಯಗಾರನು ಇದನ್ನು ಯಾವನೋ ಪರದೇಶಿಯ ಮಾತಿನ ಮೇಲೆ ಹೇಗೆ ನಂಬಾನು? ಸರ್ಕಾರದ ಹುಕುಮು ಅಡಿಕೆ ಮರವನ್ನು ಏರಲಾರದು. ರೈತನ ಸ್ವಂತ ತೋಟದಲ್ಲಿ, ಅವನ ಕಣ್ಣೆದುರಿಗೇ ಕಾಯಿ ನಿಂತದ್ದನ್ನು ಕಂಡಮೇಲೆ ಮಾತ್ರ ನೆರೆಯವನೂ ಮೈಲುತುತ್ತವನ್ನು ಕೊಳ್ಳುವನು. ನಮ್ಮ ಹಳ್ಳಿಗಳಲ್ಲಿ ಬಾವಿ ತೋಡುವುದಕ್ಕಾಗಲಿ ಹೊಸ ಬೀಜ ಬಿತ್ತುವುದಕ್ಕಾಗಲಿ ನೆರೆಯವರನ್ನು ಕೂಡಿಸಲು ಹೋಗಿ ಸೋತವರಿಗೆ ಇದರ ಕಷ್ಟ ತಿಳಿದೇ ಇದೆ.

ಮುಂದೆ ಅವರು ಬೇಸಾಯದ ಇಲಾಖೆಗೆ ಡೈರೆಕ್ಟರರಾದರು. 1913ರಲ್ಲಿ ಹೆಬ್ಬಾಳದಲ್ಲಿ ಬೇಸಾಯದ ಶಾಲೆಯೂ, 1925ರಲ್ಲಿ ಬಾಳೆಹೊನ್ನೂರಿನ ಬಳಿ ಕಾಫಿಯ ಪರಿಶೋಧನಾಲಯವೂ ಹುಟ್ಟಿದವು. ತಾನೊಬ್ಬನೇ ಎಲ್ಲವನ್ನೂ ಬಲ್ಲೆನೆನ್ನುವವನು ಶಾಲೆ ಕಟ್ಟುವುದಿಲ್ಲ.

ಮಂಡ್ಯದ ಸೀಮೆಯು ಆಗ ಬಹುಮಟ್ಟಿಗೆ ರಾಗಿಯ ಖುಷ್ಕಿ ಭೂಮಿಯಾಗಿತ್ತು. 1930ರ ನಂತರ ಕೃಷ್ಣರಾಜಸಾಗರದ ನೀರು ಇರ್ವಿನ್ ನಾಲೆಯಲ್ಲಿ, ಈಗಿನ ಹೆಸರಿನಲ್ಲಿ ಹೇಳುವುದಾದರೆ ವಿಶ್ವೇಶ್ವರಯ್ಯ ನಾಲೆಯಲ್ಲಿ, ಇತ್ತ ಹರಿಯಿತು. ಅಣೆಕಟ್ಟನ್ನು ಕಟ್ಟಿಸಿದವರನ್ನು ನಮ್ಮ ಜನರು ಮರೆತಿಲ್ಲ, ಅದು ನ್ಯಾಯವೇ. ಆದರೆ ನೀರು ಬಂದ ಮಾತ್ರಕ್ಕೆ ಸಂಪತ್ತು ಬರಲಿಲ್ಲ. ಮಲೇರಿಯಾ ಜ್ವರವೂ ಜೊತೆಗೆ ಬಂತು. ಮಳೆಯನ್ನೇ ನಂಬಿದ್ದ ರೈತನು ನಾಲೆಯ ನೀರಿನಿಂದ ಏನು ಬೆಳೆಯಬೇಕು, ಬೆಳೆದದ್ದನ್ನು ಯಾರಿಗೆ ಮಾರಬೇಕು? ಮಂಡ್ಯದ ಬಳಿ ಪ್ರಯೋಗದ ಹೊಲವನ್ನು ಏರ್ಪಡಿಸಿ ಬೇಸಾಯವನ್ನು ತೋರಿಸಿದ್ದೂ, ಕಬ್ಬನ್ನು ಕೊಳ್ಳುವುದಕ್ಕೆ 1933ರಲ್ಲಿ ಮೈಸೂರು ಸಕ್ಕರೆ ಕಂಪೆನಿ ಸ್ಥಾಪಿತವಾದದ್ದೂ ಈ ಪ್ರಶ್ನೆಗೆ ಉತ್ತರಗಳಾಗಿದ್ದವು. ಎರಡರಲ್ಲಿಯೂ ಕೋಲ್‌ಮನ್‌ರ ಪ್ರಯತ್ನವು ದೊಡ್ಡದು.

1934ರಲ್ಲಿ ಅವರು ನಿವೃತ್ತರಾಗಿ ಕೆನಡಾಕ್ಕೆ ಮರಳಿದರು, 1954ರಲ್ಲಿ ತೀರಿಕೊಂಡರು. ಈಗಲೂ ಮುಂಗಾರು ಹಿಡಿಯುವ ಮುಂಚೆ ಮಲೆನಾಡಿನಲ್ಲಿ ಮೈಲುತುತ್ತ ಮತ್ತು ಸುಣ್ಣದ ನೀಲಿ ನೀರನ್ನು ಕಲಸಿ ಅಡಿಕೆ ಗೊನೆಗಳಿಗೆ ಹೊಡೆಯುತ್ತಾರೆ.