ಗ್ಯಾರಿ ಕಿಲ್ಡಾಲ್

ಕಲಾ ವಿಭಾಗದ ವಿದ್ಯಾರ್ಥಿಯಾದ ನಾನು ಕಂಪ್ಯೂಟರಿನ ವಿಷಯಕ್ಕೆ ಕೈಹಾಕಿದುದನ್ನು ಕಂಡು ವಾಚಕರು ನಗಬಹುದು. ಕಳೆದ ಬೇಸಗೆಯ ರಜದಲ್ಲಿ, ಅಣ್ಣ ಬಿಟ್ಟುಕೊಟ್ಟ ಹಳೆಯ ಕಂಪ್ಯೂಟರಿಗೆ ಹೊಸ ಆಪರೇಟಿಂಗ್ ಸಿಸ್ಟಂ ಹಾಕಲು ಹೊರಟೆ. ಈ ಪ್ರೊಸೆಸರ್ ತನಗೆ ಸಲ್ಲದೆಂದು ಅದು ಹಟ ಹಿಡಿಯಿತು. ಯಂತ್ರವೇನೂ ಕೆಟ್ಟಿರಲಿಲ್ಲ. ಒಂದು ಬಗೆಯ ಪ್ರೊಸೆಸರಿಗೆಂದು ಬರೆದದ್ದು ಇನ್ನೊಂದಕ್ಕೆ ಏಕೆ ಒಗ್ಗದು ಎಂದು ಹುಡುಕುತ್ತ ಹೋದಾಗ ನನಗೆ ಪರಿಚಯವಾದವರು ಗ್ಯಾರಿ ಕಿಲ್ಡಾಲ್.

ಅವರು ಹುಟ್ಟಿದ್ದು 1942ರ ಮೇ 19ರಂದು, ಅಮೆರಿಕದ ಸಿಯಾಟಲ್ ನಗರದಲ್ಲಿ. ಮನೆಯವರು ನೌಕಾಯಾನ ಕಲಿಸುವ ಶಾಲೆಯೊಂದನ್ನು ನಡೆಸುತ್ತಿದ್ದರು. ಗಣಿತದ ಮೇಷ್ಟರಾಗಬೇಕೆಂದು ವಾಷಿಂಗ್ಟನ್ ವಿಶ್ವವಿದ್ಯಾನಿಲಯವನ್ನು ಸೇರಿದ ಗ್ಯಾರಿ, ಕಂಪ್ಯೂಟರಿನ ಹುಚ್ಚು ಹತ್ತಿಸಿಕೊಂಡು 1972ರಲ್ಲಿ ಡಾಕ್ಟರೇಟ್ ಪಡೆದರು. ಮೇಷ್ಟರಂತೂ ಆದರು, ಕ್ಯಾಲಿಫೋರ್ನಿಯದ ಮಾಂಟೆರೆಯಲ್ಲಿದ್ದ ನೌಕಾಪಡೆಯ ಸ್ನಾತಕೋತ್ತರ ವಿದ್ಯಾಲಯದಲ್ಲಿ.

1971ರಲ್ಲಿ ಇಂಟೆಲ್ ಸಂಸ್ಥೆ ಬೆರಳಿನ ಮೇಲೆ ಕೂರುವ 4004 ಎಂಬ ಪ್ರೊಸೆಸರನ್ನು ಹೊರತಂದಿತು. ಕಿಲ್ಡಾಲರು ಅದಕ್ಕೆ ಮನಸೋತು ಆ ಸಂಸ್ಥೆಗೆ ಸಲಹೆಗಾರರಾದರು. 1974ರಲ್ಲಿ 8080 ಪ್ರೊಸೆಸರಿಗೆ ಫ್ಲಾಪಿ ಡಿಸ್ಕ್ ಜೋಡಿಸಿ, ಅದನ್ನು ನಡೆಸಲು ಸಿಪಿ/ಎಂ ಎಂಬ ಆಪರೇಟಿಂಗ್ ಸಿಸ್ಟಮ್ಮನ್ನು ಬರೆದರು. ಇಂಟೆಲಿಗೆ ಅದು ಬೇಡವಾಯಿತು. ಪತ್ನಿ ಡೊರೊತಿಯೊಡನೆ ಪೆಸಿಫಿಕ್ ಗ್ರೋವಿನಲ್ಲಿ ತಾವೇ ಕಂಪನಿ ಕಟ್ಟಿದರು.

ಆಗ ಒಬ್ಬೊಬ್ಬ ತಯಾರಕನ ಯಂತ್ರವೂ ಒಂದೊಂದು ತರಹ. ಡಿಸ್ಕ್ ಬೇರೆ, ಕೀಲಿಮಣೆ ಬೇರೆ. ಪ್ರತಿಯೊಂದಕ್ಕೂ ಸಿಪಿ/ಎಂ ಅನ್ನು ತಿದ್ದಿ ತಿದ್ದಿ ಕಿಲ್ಡಾಲರು ಬೇಸತ್ತರು. 1976ರ ಸುಮಾರಿಗೆ ಇಮ್ಸಾಯ್ ಎಂಬ ಕಂಪನಿಯೂ ಬಂದಾಗ, ಯಂತ್ರಕ್ಕೆ ಸಂಬಂಧಪಟ್ಟ ಭಾಗವನ್ನಷ್ಟೇ ಕತ್ತರಿಸಿ ಬೇರೆ ಇಟ್ಟು, ಅದಕ್ಕೆ ಬಯಾಸ್ ಎಂದು ಹೆಸರಿಟ್ಟರು. ನಾಟಕದ ಕಂಪನಿ ಊರಿಂದೂರಿಗೆ ಹೋದಂತೆ: ಆಯಾ ಊರಿನವರು ತಮ್ಮ ಚಪ್ಪರ, ಹಲಗೆ ಹೊಂದಿಸಿಕೊಟ್ಟರೆ ಸಾಕು, ಪಾತ್ರಧಾರಿಗಳು ಮಾತನ್ನು ಬದಲಿಸಬೇಕಾಗಿಲ್ಲ. ಇದು ಅವರ ಬಾಳಿನ ಅತಿ ದೊಡ್ಡ ಕೆಲಸವೆಂದು ನನ್ನ ಎಣಿಕೆ.

ಆದರೆ ಪ್ರೊಸೆಸರೇ ಬದಲಾದರೆ ಪಾತ್ರಧಾರಿಯ ಭಾಷೆಯೇ ಬದಲಾದಂತೆ. 1978ರಲ್ಲಿ ಬಂದ 8086 ಹಾಗೆಯೇ ಮಾಡಿತು. 8080ಕ್ಕೆ ಬರೆದ ಮೂಲ ಬರಹವನ್ನು ಅದಕ್ಕೆ ಪರಿವರ್ತಿಸಬಹುದಾಗಿತ್ತು. ಸಿದ್ಧವಾದ ಪ್ರೋಗ್ರಾಂ ಮಾತ್ರ ಇದ್ದಂತೆಯೇ ಓಡುತ್ತಿರಲಿಲ್ಲ. ಹೊಸದಕ್ಕೆ ಸಿಪಿ/ಎಂ-86 ಬರುವುದು ತಡವಾಯಿತು. 8086ರ ಯಂತ್ರವನ್ನು ಮಾಡಿಟ್ಟುಕೊಂಡು ಕಾಯುತ್ತಿದ್ದ ಸಿಯಾಟಲಿನ ಸಣ್ಣ ಕಂಪನಿಯೊಂದರಲ್ಲಿ ಟಿಮ್ ಪ್ಯಾಟರ್ಸನ್ ಎಂಬ ತರುಣರು 1980ರಲ್ಲಿ ಸಿಪಿ/ಎಂ ಅನ್ನೇ ಹೋಲುವ ವ್ಯವಸ್ಥೆಯೊಂದನ್ನು ಬರೆದರು. ಮೈಕ್ರೋಸಾಫ್ಟ್ ಅದನ್ನು ಕೊಂಡು ಐಬಿಎಂಗೆ ಒದಗಿಸಿತು.

ಅದೇ ವರ್ಷ ಐಬಿಎಂನವರು ಪೆಸಿಫಿಕ್ ಗ್ರೋವಿಗೂ ಬಂದಿದ್ದರು. ಕಿಲ್ಡಾಲರು ಅಂದು ವಿಮಾನ ಹಾರಿಸುತ್ತ ಮೋಜಿನಲ್ಲಿದ್ದು ಭಾಗ್ಯ ಕಳೆದುಕೊಂಡರೆಂದು ಒಂದು ಕಥೆಯುಂಟು. ವಿಮಾನದಲ್ಲಿ ಹೋದದ್ದು ನಿಜ, ಆದರೆ ವ್ಯಾಪಾರದ ಕೆಲಸಕ್ಕೆ. ವಿಮಾನಕ್ಕಿಂತ ಆ ವಿಳಂಬವೇ ಅವರಿಗೆ ಮುಳುವಾಯಿತೆಂದು ನನಗೆ ತೋರುತ್ತದೆ. 1981ರಲ್ಲಿ ಐಬಿಎಂ ಪಿಸಿ ಬಂದಿತು. ಸಿಪಿ/ಎಂ-86 ಅದಕ್ಕೆ ದೊರೆತದ್ದು ಆಮೇಲೆ. ಒಂದರ ಬೆಲೆ 40 ಡಾಲರು, ಕಿಲ್ಡಾಲರದಕ್ಕೆ 240. ಕೊಳ್ಳುವವರು ಯಾರು?

ಮುಂದೆ ಅವರು ಟೆಲಿವಿಷನ್ನಿನಲ್ಲಿ ಕಂಪ್ಯೂಟರಿನ ಸಂಗತಿಗಳನ್ನು ಜನರಿಗೆ ತಿಳಿಸಿದರು. ಕಂಪನಿಯು 1991ರಲ್ಲಿ ನಾವೆಲ್ ಸಂಸ್ಥೆಯ ಪಾಲಾಯಿತು. ಮಾಂಟೆರೆಯಲ್ಲಿ ತಲೆಗೆ ಪೆಟ್ಟು ಬಿದ್ದು 1994ರ ಜುಲೈ 11ರಂದು ತೀರಿಕೊಂಡಾಗ ಅವರಿಗೆ 52 ವರ್ಷ. 2014ರಲ್ಲಿ, ಪೆಸಿಫಿಕ್ ಗ್ರೋವಿನಲ್ಲಿ ಹಿಂದೆ ಅವರ ಕಚೇರಿಯಾಗಿದ್ದ ಹಳೆಯ ಮನೆಯ ಮುಂದೆ, ಸಿಪಿ/ಎಂ ನೆನಪಿಗೆ ಎಂಜಿನಿಯರುಗಳ ಸಂಘವೊಂದು ಫಲಕ ಹಾಕಿಸಿತು.