ಟೂಲಿನ ತುದಿ ತಣಿಸಿದ ಟೇಲರ್

ಲೇತ್ ಮೇಲೆ ಉಕ್ಕು ಕಡಿಯುವ ಟೂಲಿಗೆ ದೊಡ್ಡ ಶತ್ರು ಶಾಖ. ಲೋಹವನ್ನು ಸುಲಿದು ತೆಗೆಯಲು ಖರ್ಚಾಗುವ ಶಕ್ತಿಯೆಲ್ಲ ಹೆಚ್ಚೂಕಡಿಮೆ ಬಿಸಿಯಾಗಿಯೇ ಹೊರಬೀಳುತ್ತದೆ. ಬಹುಪಾಲು ಸಿಪ್ಪೆಯ ಜೊತೆ ಹೋಗುತ್ತದೆ, ಉಳಿದದ್ದು ಟೂಲಿನ ತುದಿಗೆ ಏರುತ್ತದೆ. ತುದಿ ಮೆತ್ತಗಾಯಿತೆಂದರೆ ಸವೆತ ಶುರು. ಇವತ್ತು ಪುಣೆಯ ಭೋಸರಿಯಲ್ಲಾಗಲಿ ಬೆಂಗಳೂರಿನ ಪೀಣ್ಯದಲ್ಲಾಗಲಿ ಸಿಎನ್‌ಸಿ ಯಂತ್ರದ ಬಾಗಿಲು ತೆರೆದು ನೋಡಿ, ಟೂಲಿನ ಪಕ್ಕ ಒಂದೆರಡು ನಳಿಕೆ ಕಾಣುತ್ತವೆ. ಕೆಲವದರಿಂದ ಕೂಲೆಂಟ್ ಬರುತ್ತದೆ, ಕೆಲವದರಿಂದ ಕಂಪ್ರೆಸರಿನ ಗಾಳಿ. ಆ ನಳಿಕೆಯ ಮೂತಿ ಎತ್ತ ತಿರುಗಿರಬೇಕು, ಅದರಿಂದ ಎಷ್ಟು ಲಾಭ ಎಂಬುದನ್ನು ನೂರಾನಲವತ್ತು ವರ್ಷದ ಹಿಂದೆಯೇ ಅಳೆದು ಬರೆದಿಟ್ಟವನು ಅಮೆರಿಕದ ಫ್ರೆಡರಿಕ್ ವಿನ್ಸ್ಲೊ ಟೇಲರ್.

ಎಂಬಿಎ ಓದಿದವರಿಗೆ ಈ ಹೆಸರು ಗೊತ್ತು. ಕೈಯಲ್ಲಿ ಸ್ಟಾಪ್‌ವಾಚ್ ಹಿಡಿದು ಕಾರ್ಮಿಕರ ಬೆನ್ನಿಗೆ ನಿಂತವನು ಎಂದೇ ಪಾಠದಲ್ಲಿ ಬರುತ್ತಾನೆ. ಎಂಜಿನಿಯರಿಂಗ್ ಓದಿದವರಿಗೆ ಟೂಲ್ ಲೈಫ್ ಸಮೀಕರಣದಲ್ಲಿ ಸಿಗುತ್ತಾನೆ. ಇಬ್ಬರೂ ಒಬ್ಬನೇ ಎಂಬುದು ನನ್ನಂಥ ಎಷ್ಟೋ ವಿದ್ಯಾರ್ಥಿಗಳಿಗೆ ತಡವಾಗಿ ತಿಳಿಯುತ್ತದೆ.

ಟೇಲರ್ ಹುಟ್ಟಿದ್ದು 1856ರ ಮಾರ್ಚ್ 20ರಂದು, ಫಿಲಡೆಲ್ಫಿಯಾದ ಜರ್ಮನ್‌ಟೌನಿನಲ್ಲಿ. ಅನುಕೂಲಸ್ಥರ ಮನೆ. ತಂದೆ ವಕೀಲ, ತಾಯಿ ಗುಲಾಮಗಿರಿಯ ವಿರುದ್ಧ ದನಿಯೆತ್ತಿದವರ ಗುಂಪಿನಲ್ಲಿದ್ದವಳು. ಹುಡುಗನಿಗೆ ಯುರೋಪ್ ಪ್ರವಾಸ, ಒಳ್ಳೆಯ ಶಾಲೆ ಎಲ್ಲ ಸಿಕ್ಕಿತು. ಹಾರ್ವರ್ಡ್ ಪ್ರವೇಶ ಪರೀಕ್ಷೆಯನ್ನೂ ಚೆನ್ನಾಗಿ ಪಾಸು ಮಾಡಿದ. ಆದರೆ ರಾತ್ರಿಯೆಲ್ಲ ಓದಿ ಕಣ್ಣು ಕೆಟ್ಟಿದೆ ಎಂಬ ಕಾರಣಕ್ಕೆ ಕಾಲೇಜು ಬಿಟ್ಟುಹೋಯಿತು. ವಕೀಲನಾಗಬೇಕಿದ್ದವನು 1874ರಲ್ಲಿ ಒಂದು ಪಂಪು ತಯಾರಿಸುವ ಕಾರ್ಖಾನೆಗೆ ಅಪ್ರೆಂಟಿಸ್ ಆಗಿ ಸೇರಿ, ನಾಲ್ಕು ವರ್ಷ ಮರದ ಪ್ಯಾಟರ್ನ್ ಮಾಡುವುದನ್ನೂ ಯಂತ್ರದ ಕೆಲಸವನ್ನೂ ಕಲಿತ.

1878ರಲ್ಲಿ ಕಲಿಕೆ ಮುಗಿದಾಗ ದೇಶದಲ್ಲಿ ಆರ್ಥಿಕ ಮುಗ್ಗಟ್ಟು. ಮಷಿನಿಸ್ಟ್ ಕೆಲಸ ಸಿಗಲಿಲ್ಲ. ಮಿಡ್‌ವೇಲ್ ಉಕ್ಕಿನ ಕಾರ್ಖಾನೆಗೆ ಸಾದಾ ಕೂಲಿಯಾಗಿ ಸೇರಿದ. ಅಲ್ಲಿಂದ ಗುಮಾಸ್ತ, ಮಷಿನಿಸ್ಟ್, ಗ್ಯಾಂಗ್ ಬಾಸ್, ಫೋರ್‌ಮನ್ ಎಂದು ಮೇಲೇರಿ ಕೊನೆಗೆ ಮುಖ್ಯ ಎಂಜಿನಿಯರ್ ಆದ. ಹಗಲು ಶಾಪಿನಲ್ಲಿ ದುಡಿಯುತ್ತಲೇ ರಾತ್ರಿ ಮನೆಯಲ್ಲಿ ಓದಿ 1883ರಲ್ಲಿ ಸ್ಟೀವನ್ಸ್ ಇನ್‌ಸ್ಟಿಟ್ಯೂಟಿನಿಂದ ಮೆಕ್ಯಾನಿಕಲ್ ಪದವಿ ಪಡೆದ. ಈ ನಡುವೆಯೇ 1881ರಲ್ಲಿ ಅಮೆರಿಕದ ರಾಷ್ಟ್ರೀಯ ಟೆನಿಸ್ ಡಬಲ್ಸ್ ಗೆದ್ದ. ಯಾವುದನ್ನೂ ಅರ್ಧಕ್ಕೆ ಬಿಡುವ ಜಾಯಮಾನ ಅವನದಲ್ಲ.

ಗ್ಯಾಂಗ್ ಬಾಸ್ ಆದೊಡನೆ ಜಗಳ ಶುರುವಾಯಿತು. ಶಾಪಿನಲ್ಲಿ ಪೀಸ್ ರೇಟ್ ಪದ್ಧತಿ ಇತ್ತು. ಹೆಚ್ಚು ಪೀಸ್ ಮಾಡಿದರೆ ಮಾಲೀಕರು ರೇಟನ್ನೇ ಇಳಿಸುತ್ತಾರೆ ಎಂದು ಅನುಭವದಿಂದ ಕಂಡಿದ್ದ ಕಾರ್ಮಿಕರು, ಎಲ್ಲರೂ ಸೇರಿ ಇಷ್ಟೇ ಮಾಡೋಣ ಎಂದು ಒಳಗೊಳಗೇ ಮಿತಿ ಹಾಕಿಕೊಂಡಿದ್ದರು. ನಿನ್ನೆಯವರೆಗೆ ಅವರ ಜೊತೆಯೇ ಲೇತ್ ನಡೆಸುತ್ತಿದ್ದ ಟೇಲರ್‌ಗೆ ಈ ಗುಟ್ಟು ಗೊತ್ತಿತ್ತು. ಉತ್ಪಾದನೆ ಹೆಚ್ಚಿಸಿ ಎಂದು ಪಟ್ಟುಹಿಡಿದ. ಅವರು ಯಂತ್ರ ಕೆಡಿಸಿದರು, ಇವನು ದಂಡ ಹಾಕಿದ. ಹೊಸಬರನ್ನು ತಂದು ಕಲಿಸಿದರೆ ಅವರೂ ಹಳಬರ ಜೊತೆ ಸೇರಿಕೊಂಡರು. ಮೂರು ವರ್ಷ ಹೀಗೇ ನಡೆದು ಕೊನೆಗೆ ಗೆದ್ದದ್ದು ಟೇಲರ್. ಆದರೆ ಒಬ್ಬರ ಮುಖ ಒಬ್ಬರು ನೋಡಲಾಗದಂಥ ಆ ದಿನಗಳು ಸಾಕೆನಿಸಿದವು ಎಂದು ಆತನೇ ಮುಂದೆ ಹೇಳಿಕೊಂಡಿದ್ದಾನೆ.

ಜಗಳದ ಬೇರು ಅವನಿಗೆ ಕಂಡದ್ದು ಅಜ್ಞಾನದಲ್ಲಿ. ಒಂದು ದಿನಕ್ಕೆ ಎಷ್ಟು ಕೆಲಸ ನ್ಯಾಯ ಎಂಬುದು ಮಾಲೀಕನಿಗೂ ಗೊತ್ತಿಲ್ಲ, ಕಾರ್ಮಿಕನಿಗೂ ಗೊತ್ತಿಲ್ಲ. ಈ ಉಕ್ಕನ್ನು ಯಾವ ವೇಗದಲ್ಲಿ, ಎಷ್ಟು ಆಳಕ್ಕೆ ಕಡಿಯಬಹುದು ಎಂಬುದನ್ನೇ ಯಾರೂ ಅಳೆದಿಲ್ಲ, ಮತ್ತೆ ವಾದ ಮಾಡಿ ಏನು ಪ್ರಯೋಜನ? 1880ರಲ್ಲಿ ಕಂಪನಿಯ ಅಧ್ಯಕ್ಷ ವಿಲಿಯಂ ಸೆಲರ್ಸ್ ಬಳಿ ಹೋಗಿ ಪ್ರಯೋಗಕ್ಕೆ ಹಣ ಕೇಳಿದ. ಸೆಲರ್ಸ್ ಸ್ವತಃ ದೊಡ್ಡ ಯಂತ್ರತಜ್ಞ, ಒಪ್ಪಿದ. ಆರು ತಿಂಗಳಲ್ಲಿ ಮುಗಿಯುವ ಕೆಲಸ ಎಂದು ಅಂದಾಜು. ಮುಗಿಯಲು 26 ವರ್ಷ ಹಿಡಿಯಿತು.

66 ಇಂಚಿನ ದೊಡ್ಡ ಬೋರಿಂಗ್ ಮಿಲ್ ಮೇಲೆ ರೈಲು ಎಂಜಿನ್ ಚಕ್ರದ ಉಕ್ಕಿನ ಪಟ್ಟಿಗಳನ್ನು ಕೂರಿಸಿ ಕಡಿಯುತ್ತಾ ಹೋದರು. ಒಮ್ಮೆಗೆ ಒಂದೇ ಅಂಶ ಬದಲಿಸುವುದು, ಉಳಿದದ್ದನ್ನು ಹಾಗೇ ಹಿಡಿದಿಡುವುದು. ಟೂಲಿನ ಆಕಾರ, ಕಡಿತದ ಆಳ, ಫೀಡ್, ಲೋಹದ ಗುಣ, ತಣಿಸುವ ಬಗೆ ಹೀಗೆ ಒಟ್ಟು 12 ಅಂಶಗಳು. ಬರೆದಿಟ್ಟ ಪ್ರಯೋಗಗಳೇ 30 ಸಾವಿರದಿಂದ 50 ಸಾವಿರ. ಸಿಪ್ಪೆಯಾಗಿ ಹೋದ ಉಕ್ಕು ಮತ್ತು ಕಬ್ಬಿಣ 8 ಲಕ್ಷ ಪೌಂಡು, ಅಂದರೆ ಸುಮಾರು 360 ಟನ್. ಮಧ್ಯೆ ಟೇಲರ್ ಕಂಪನಿ ಬದಲಿಸಿದ, ಕಾಗದದ ಗಿರಣಿ ನೋಡಿಕೊಂಡ, ಸಲಹೆಗಾರನಾದ. ಹೋದಲ್ಲೆಲ್ಲ ಪ್ರಯೋಗವನ್ನು ಹೊತ್ತುಕೊಂಡೇ ಹೋದ.

ತಣಿಸುವ ವಿಷಯ ಹೊಳೆದದ್ದು ಮಿಡ್‌ವೇಲಿನ ಮೊದಲ ವರ್ಷಗಳಲ್ಲೇ. ಆವರೆಗೆ ಶಾಪುಗಳಲ್ಲಿ ಸಣ್ಣ ಡಬ್ಬಿಯಿಂದ ಹನಿಹನಿಯಾಗಿ ನೀರು ಬೀಳಿಸುತ್ತಿದ್ದರು. ಅದು ಮೇಲ್ಮೈ ನುಣುಪಾಗಲಿ ಎಂದು, ಟೂಲ್ ತಣ್ಣಗಾಗಲಿ ಎಂದಲ್ಲ. ಟೇಲರ್ ದಪ್ಪ ಧಾರೆಯಾಗಿ ನೀರು ಬಿಟ್ಟು ನೋಡಿದ. ಧಾರೆಯನ್ನು ಸುಮ್ಮನೆ ಟೂಲಿನ ಮೇಲೆ ಎಲ್ಲೋ ಬಿಟ್ಟರೆ ಸಾಲದು, ಉಕ್ಕಿನಿಂದ ಸಿಪ್ಪೆ ಬಿಡಿಸಿಕೊಳ್ಳುವ ಜಾಗಕ್ಕೇ ಅದು ಬೀಳಬೇಕು ಎಂದು ಕಂಡುಕೊಂಡ. ಹಾಗೆ ಬಿಟ್ಟರೆ ಅದೇ ಟೂಲ್ ಸುಮಾರು 40 ಶೇಕಡಾ ಹೆಚ್ಚು ವೇಗದಲ್ಲಿ ಕಡಿಯಬಲ್ಲದು. ಹೊಸ ಯಂತ್ರ ಬೇಡ, ಹೊಸ ಟೂಲ್ ಬೇಡ, ಸರಿಯಾದ ಜಾಗಕ್ಕೆ ಬೀಳುವ ನೀರು ಸಾಕು.

1884ರಲ್ಲಿ ಮಿಡ್‌ವೇಲ್ ಹೊಸ ಮಷಿನ್ ಶಾಪ್ ಕಟ್ಟಿದಾಗ ಇಡೀ ಕಟ್ಟಡವನ್ನೇ ಈ ಫಲಿತಾಂಶದ ಮೇಲೆ ರೂಪಿಸಲಾಯಿತು. ಪ್ರತಿ ಯಂತ್ರವೂ ಒಂದು ಕಬ್ಬಿಣದ ತಟ್ಟೆಯೊಳಗೆ ನಿಂತಿತ್ತು. ತುಕ್ಕು ಹಿಡಿಯದಿರಲೆಂದು ಸೋಡಾ ಬೆರೆಸಿದ ನೀರು ಟೂಲಿನ ಮೇಲೆ ಸುರಿದು ತಟ್ಟೆಗೆ ಇಳಿಯುತ್ತಿತ್ತು. ಅಲ್ಲಿಂದ ನೆಲದಡಿಯ ಕೊಳವೆಯಲ್ಲಿ ಬಾವಿಗೆ, ಬಾವಿಯಿಂದ ಪಂಪಿನಲ್ಲಿ ಮೇಲಿನ ಟ್ಯಾಂಕಿಗೆ, ಟ್ಯಾಂಕಿನಿಂದ ಮತ್ತೆ ಯಂತ್ರಕ್ಕೆ. ಇವತ್ತಿನ ಕೂಲೆಂಟ್ ವ್ಯವಸ್ಥೆಯೂ ಹೆಚ್ಚೂಕಡಿಮೆ ಇದೇ. ಶಾಪಿಗೆ ಹೊರಗಿನವರು ಬಂದು ನೋಡಿಹೋಗುತ್ತಿದ್ದರು. ಆದರೂ ಹದಿನೈದು ವರ್ಷ, ಅಂದರೆ 1899ರಲ್ಲಿ ಬೆತ್ಲೆಹೆಮ್ ಉಕ್ಕಿನ ಕಂಪನಿ ಮಾಡುವವರೆಗೆ, ಅಮೆರಿಕದಲ್ಲಿ ಒಂದು ಸಣ್ಣ ಉಕ್ಕಿನ ಕಾರ್ಖಾನೆ ಬಿಟ್ಟರೆ ಬೇರೆ ಯಾರೂ ಇಂಥ ಶಾಪ್ ಕಟ್ಟಿದ್ದು ಟೇಲರ್‌ಗೆ ಕಾಣಲಿಲ್ಲ.

ಬೆತ್ಲೆಹೆಮ್‌ಗೆ ಅದನ್ನು ತಂದವನೂ ಅವನೇ. 1898ರಲ್ಲಿ ಅಲ್ಲಿ ಸೇರಿ, ಲೋಹತಜ್ಞ ಮೌನ್ಸೆಲ್ ವೈಟ್ ಜೊತೆ ಟೂಲ್ ಉಕ್ಕಿನ ಮೇಲೆ ಕೆಲಸ ಮಾಡಿದ. ಟಂಗ್‌ಸ್ಟನ್ ಮತ್ತು ಕ್ರೋಮಿಯಂ ಇರುವ ಉಕ್ಕನ್ನು ಒಂದು ಮಿತಿಗಿಂತ ಹೆಚ್ಚು ಕಾಯಿಸಿದರೆ ಕೆಡುತ್ತದೆ ಎಂದು ಎಲ್ಲ ಕಮ್ಮಾರರೂ ನಂಬಿದ್ದರು. ಇವರು ಮಿತಿ ದಾಟಿ, ಕರಗುವ ಹಂತದ ಹತ್ತಿರದವರೆಗೆ ಕಾಯಿಸಿ ನೋಡಿದರು. ಹಾಗೆ ಹದಗೊಂಡ ಟೂಲ್ ಕೆಂಪಗೆ ಕಾದರೂ ಗಟ್ಟಿತನ ಬಿಡಲಿಲ್ಲ. 1900ರ ಪ್ಯಾರಿಸ್ ಪ್ರದರ್ಶನದಲ್ಲಿ ಟೂಲಿನ ತುದಿ ಕೆಂಡದಂತೆ ಹೊಳೆಯುತ್ತಲೇ ಉಕ್ಕು ಕಡಿಯುವುದನ್ನು ಯುರೋಪಿನ ಎಂಜಿನಿಯರುಗಳು ನಿಂತು ನೋಡಿದರು. ಅದೇ ಹೈಸ್ಪೀಡ್ ಸ್ಟೀಲ್. ನಮ್ಮ ಐಟಿಐ ವರ್ಕ್‌ಶಾಪುಗಳಲ್ಲಿ ಇಂದಿಗೂ ಎಚ್‌ಎಸ್‌ಎಸ್ ಎಂದು ಕರೆಯುವುದು ಇದನ್ನೇ. ಈ ಟೂಲಿಗೂ ನೀರು ಬಿಟ್ಟರೆ ಲಾಭ ಕಡಿಮೆಯಾಗಲಿಲ್ಲ.

1906ರ ಡಿಸೆಂಬರಿನಲ್ಲಿ ಅಮೆರಿಕದ ಮೆಕ್ಯಾನಿಕಲ್ ಎಂಜಿನಿಯರುಗಳ ಸಂಘದ ಅಧ್ಯಕ್ಷನಾಗಿ ಟೇಲರ್ ಇದೆಲ್ಲವನ್ನೂ ಮಂಡಿಸಿದ. ಟೂಲ್ ಲೈಫ್ ಸಮೀಕರಣ ಬಂದದ್ದು ಆ ಪ್ರಬಂಧದಲ್ಲೇ. ವೇಗವನ್ನು, ಟೂಲ್ ಬಾಳುವ ಸಮಯದ ಒಂದು ಸಣ್ಣ ಘಾತದಿಂದ ಗುಣಿಸಿದರೆ ಉತ್ತರ ಬದಲಾಗದು. ಅವನ ಟೂಲುಗಳಿಗೆ ಆ ಘಾತ ಎಂಟನೇ ಒಂದು. ಲೆಕ್ಕ ಹಾಕಿ ನೋಡಿ: ವೇಗವನ್ನು 10 ಶೇಕಡಾ ಇಳಿಸಿದರೆ ಟೂಲಿನ ಆಯುಸ್ಸು ಎರಡು ಪಟ್ಟಿಗಿಂತ ಹೆಚ್ಚುತ್ತದೆ. ಸ್ವಲ್ಪವೇ ಅತಿಮಾಡಿದರೂ ಟೂಲ್ ಬಹಳ ಬೇಗ ಸಾಯುತ್ತದೆ. ಹನ್ನೆರಡು ಅಂಶಗಳ ಈ ಲೆಕ್ಕವನ್ನು ಅರ್ಧ ನಿಮಿಷದಲ್ಲಿ ಮಾಡಲು ಕಾರ್ಲ್ ಬಾರ್ತ್ ಎಂಬ ಗಣಿತಜ್ಞ ಸ್ಲೈಡ್ ರೂಲ್ ಮಾಡಿಕೊಟ್ಟ. ಅದನ್ನು ನಮ್ಮ ಸಾಫ್ಟ್‌ವೇರಿನ ಅಜ್ಜ ಎನ್ನಬಹುದು.

ಅದೇ ಬೆತ್ಲೆಹೆಮ್‌ನಲ್ಲಿ ಟೇಲರ್ ಇನ್ನೊಂದು ಪ್ರಯೋಗವನ್ನೂ ಮಾಡಿದ. ಬೀಡುಕಬ್ಬಿಣದ ತುಂಡುಗಳನ್ನು ರೈಲು ಡಬ್ಬಿಗೆ ಹೊರುವ ಕೂಲಿಯವರು ದಿನಕ್ಕೆ 12.5 ಟನ್ ಹೊರುತ್ತಿದ್ದರು. ಟೇಲರ್ ಲೆಕ್ಕದಲ್ಲಿ ಅದು 47 ಟನ್ ಆಗಬೇಕು. 1.15 ಡಾಲರ್ ದಿನಗೂಲಿಯನ್ನು 1.85ಕ್ಕೆ ಏರಿಸಿ ಒಬ್ಬನಿಂದ ಮಾಡಿಸಿ ತೋರಿಸಿದ. ಕೆಲಸ ಸುಮಾರು ನಾಲ್ಕು ಪಟ್ಟು, ಕೂಲಿ 60 ಶೇಕಡಾ ಹೆಚ್ಚು. ಈ ಕೆಲಸಕ್ಕೆ ತಕ್ಕವನು ಎತ್ತಿನಂಥವನಾಗಿರಬೇಕು ಎಂಬರ್ಥದಲ್ಲಿ ಬರೆದೂ ಇಟ್ಟ. ಈ ಕಥೆಯ ವಿವರಗಳನ್ನು ಮುಂದೆ ಇತಿಹಾಸಕಾರರು ಪ್ರಶ್ನಿಸಿದರು. ಆದರೆ 1911ರಲ್ಲಿ ಬಂದ ಅವನ ವೈಜ್ಞಾನಿಕ ನಿರ್ವಹಣೆಯ ಪುಸ್ತಕದ ಜೊತೆ ಅದು ಲೋಕವೆಲ್ಲ ಸುತ್ತಿತು.

ಅದೇ ವರ್ಷ ಆಗಸ್ಟ್‌ನಲ್ಲಿ ಮ್ಯಾಸಚುಸೆಟ್ಸ್‌ನ ವಾಟರ್‌ಟೌನ್ ಶಸ್ತ್ರಾಗಾರದ ಫೌಂಡ್ರಿಗೆ ಸ್ಟಾಪ್‌ವಾಚ್ ಬಂತು. ಅಚ್ಚು ಕಟ್ಟುವವರು ಕೆಲಸ ಬಿಟ್ಟು ಹೊರನಡೆದರು. ಸಂಸತ್ತಿನ ಸಮಿತಿ ವಿಚಾರಣೆ ನಡೆಸಿತು. 1912ರ ಜನವರಿಯಲ್ಲಿ ಟೇಲರ್ ದಿನಗಟ್ಟಲೆ ಸಮಿತಿಯ ಪ್ರಶ್ನೆಗಳನ್ನು ಎದುರಿಸಿದ. ತನ್ನ ಪದ್ಧತಿಯಿಂದ ಇಬ್ಬರಿಗೂ ಲಾಭ, ಇಬ್ಬರೂ ಮನಸ್ಸು ಬದಲಿಸಿಕೊಳ್ಳಬೇಕು ಎಂದು ಪ್ರಾಮಾಣಿಕವಾಗಿಯೇ ನಂಬಿದ್ದ. 1915ರಲ್ಲಿ ಸಂಸತ್ತು ಸೇನಾ ಕಾರ್ಖಾನೆಗಳ ಅನುದಾನದಿಂದ ಸ್ಟಾಪ್‌ವಾಚ್ ಅಧ್ಯಯನಕ್ಕೆ ಹಣ ಕೊಡಬಾರದೆಂದು ಕಟ್ಟಳೆ ಮಾಡಿತು.

ಈ ಜೀವನ ನನಗೆ ಹಳೆಯ ಕಥೆ ಎನಿಸುವುದಿಲ್ಲ. ನಾನು ಪುಣೆಯಲ್ಲಿ ಬರೆಯುವುದು ಯಂತ್ರಗಳ ಮೇಲೆ ಕಣ್ಣಿಡುವ ಸಾಫ್ಟ್‌ವೇರ್. ಸ್ಪಿಂಡಲ್ ತಿರುಗುತ್ತಿದ್ದರೆ ಪರದೆಯ ಮೇಲೆ ಹಸಿರು, ನಿಂತರೆ ಕೆಂಪು. ಕಾರ್ಬೈಡ್ ಇನ್ಸರ್ಟಿನಲ್ಲಿ ಮಿಲ್ಲಿಂಗ್ ಮಾಡುವಾಗ ನೀರು ಬಿಟ್ಟರೆ ಕಾಯುವುದು, ತಣಿಯುವುದು ಪದೇಪದೇ ಆಗಿ ತುದಿ ಬಿರುಕು ಬಿಡಬಹುದು. ಅದಕ್ಕೇ ಅನೇಕ ಕಡೆ ಗಾಳಿಯ ಧಾರೆ ಬಳಸುತ್ತಾರೆ. ಗಾಳಿ ನೀರಿನಷ್ಟು ಶಾಖ ಹೊರಲಾರದು, ಆದರೆ ಬಿಸಿ ಸಿಪ್ಪೆಯನ್ನು ಊದಿ ತೆಗೆಯುತ್ತದೆ, ಅದೇ ಸಿಪ್ಪೆ ಮತ್ತೆ ಟೂಲಿಗೆ ಸಿಕ್ಕದಂತೆ ಕಾಯುತ್ತದೆ. ಗಾಳಿಗೆ ಬಲ ಕಡಿಮೆಯಾದ್ದರಿಂದ ನಳಿಕೆಯ ಗುರಿ ಇನ್ನೂ ಮುಖ್ಯ. ಒಂದು ಶಾಪಿನಲ್ಲಿ ಬೆಳಗಾವಿ ಕಡೆಯ ಆಪರೇಟರ್ ಒಬ್ಬರು ಪ್ರತಿ ಸಲ ಟೂಲ್ ಬದಲಿಸಿದಾಗಲೂ ಯಂತ್ರ ನಿಲ್ಲಿಸಿ, ಗಾಳಿಯ ಪೈಪನ್ನು ಕೈಯಿಂದ ಬಗ್ಗಿಸಿ, ತುದಿಗೆ ಸರಿಯಾಗಿ ಹಿಡಿದು ಮತ್ತೆ ಶುರು ಮಾಡುತ್ತಾರೆ. ಎರಡು ನಿಮಿಷದ ಕೆಲಸ. ಅವರ ಇನ್ಸರ್ಟುಗಳು ಹೆಚ್ಚು ಬಾಳುತ್ತವೆ. ಪರದೆಯಲ್ಲಿ ಮಾತ್ರ ಆ ಎರಡು ನಿಮಿಷ ಕೆಂಪು. ಹೀಗ್ಯಾಕ್ರೀ ಸರ್ ಎಂದು ಅವರು ಕೇಳಿದ ಮೇಲೆ ಆ ಸಮಯಕ್ಕೆ ಬೇರೆ ಬಣ್ಣ ಕೊಡಬೇಕೆಂದು ನಾವು ಗ್ರಾಹಕರ ಜೊತೆ ಮಾತಾಡುತ್ತಿದ್ದೇವೆ. ಇನ್ನೂ ತೀರ್ಮಾನವಾಗಿಲ್ಲ.

ಟೇಲರ್ ಇದನ್ನು ಕಂಡಿದ್ದರೆ ಯಾರ ಪಕ್ಷ ಹಿಡಿಯುತ್ತಿದ್ದ? ಟೂಲಿನ ತುದಿಗೆ ಧಾರೆ ಎಲ್ಲಿ ಬೀಳಬೇಕೆಂದು ವರ್ಷಗಟ್ಟಲೆ ಹುಡುಕಿದವನು ಆ ಎರಡು ನಿಮಿಷದ ಬೆಲೆ ಬಲ್ಲ. ಆದರೆ ಎಲ್ಲಿ ಬೀಳಬೇಕೆಂಬುದನ್ನು ಆಪರೇಟರ್ ತಾನಾಗಿ ನಿರ್ಧರಿಸುವುದನ್ನು ಅವನು ಒಪ್ಪುತ್ತಿರಲಿಲ್ಲ. ಯೋಚಿಸುವುದು ಯೋಜನಾ ಕೊಠಡಿಯ ಕೆಲಸ, ಮಾಡುವುದು ಶಾಪಿನವನ ಕೆಲಸ ಎಂದು ಗೆರೆ ಎಳೆದವನು ಅವನೇ. ಸ್ವತಃ ಶಾಪಿನಲ್ಲಿ ನಿಂತು ಯೋಚಿಸಿಯೇ ಮೇಲೆ ಬಂದಿದ್ದ ಎಂಬುದನ್ನು ಆ ಗೆರೆ ಲೆಕ್ಕಕ್ಕೆ ಹಿಡಿಯಲಿಲ್ಲ.

ಕೊನೆಯ ವರ್ಷಗಳಲ್ಲಿ ಟೇಲರ್‌ಗೆ ನಿದ್ದೆ ಸರಿಯಾಗಿ ಬರುತ್ತಿರಲಿಲ್ಲ. ಹೆಂಡತಿಯ ಆರೋಗ್ಯ ಕೆಟ್ಟಿತ್ತು, ಕಾರ್ಮಿಕ ಸಂಘಗಳ ವಿರೋಧ ಮನಸ್ಸಿಗೆ ನಾಟಿತ್ತು. ನ್ಯುಮೋನಿಯಾ ಹಿಡಿದು 1915ರ ಮಾರ್ಚ್ 21ರಂದು, 59ನೇ ಹುಟ್ಟುಹಬ್ಬದ ಮರುದಿನ, ಫಿಲಡೆಲ್ಫಿಯಾದ ಆಸ್ಪತ್ರೆಯಲ್ಲಿ ತೀರಿಕೊಂಡ. ಸಮಾಧಿಯ ಮೇಲೆ ವೈಜ್ಞಾನಿಕ ನಿರ್ವಹಣೆಯ ಪಿತಾಮಹ ಎಂದು ಬರೆಸಿದ್ದಾರೆ. ಲೋಹ ಕಡಿಯುವವರು ಮಾತ್ರ ಅವನನ್ನು ಇನ್ನೊಂದು ರೀತಿಯಲ್ಲಿ ಉಳಿಸಿಕೊಂಡಿದ್ದಾರೆ. ಟೂಲ್ ಕ್ಯಾಟಲಾಗಿನಲ್ಲಿ ವೇಗ ಮತ್ತು ಟೂಲ್ ಲೈಫ್ ಹೊಂದಿಸುವ ಪಟ್ಟಿಯ ಹಿಂದೆ ಇಂದಿಗೂ ಅವನ ಸಮೀಕರಣವಿದೆ.