ಶಾಲೆ ನಿಲ್ಲಬೇಕಾದರೆ ಊರೂ ಜೊತೆಗೆ ಬೇಕು: ಕುದ್ಮುಲ್ ರಂಗರಾಯರ ಬದುಕು

ಮಂಗಳೂರು: ಪುರಭವನದಲ್ಲಿ ನಾಟಕ, ಯಕ್ಷಗಾನ, ಸನ್ಮಾನ, ಸಭೆ ಅಂತ ಒಂದಲ್ಲ ಒಂದು ಕಾರ್ಯಕ್ರಮ ನಡೆಯುತ್ತಲೇ ಇರುತ್ತದೆ. ಆಮಂತ್ರಣ ಪತ್ರಿಕೆಯಲ್ಲಿ ಕುದ್ಮುಲ್ ರಂಗರಾವ್ ಪುರಭವನ ಎಂದು ಅಚ್ಚಾಗಿರುತ್ತದೆ, ಬಾಯಲ್ಲಿ ಮಾತ್ರ ಅದು ಟೌನ್‌ಹಾಲ್. ಈ ರಂಗರಾಯರು ಯಾರು ಅಂತ ಕೇಳಿದರೆ ದಲಿತರ ಮಕ್ಕಳಿಗೆ ಶಾಲೆ ತೆರೆದವರು ಎಂಬಲ್ಲಿಗೆ ಮಾತು ಮುಗಿಯುತ್ತದೆ. ಅದು ಸರಿಯೇ. ಆದರೆ ಶಾಲೆ ತೆರೆಯುವುದು ಅವರ ಕೆಲಸದಲ್ಲಿ ಸುಲಭದ ಪಾಲು. ತೆರೆದ ಶಾಲೆಯನ್ನು ಉಳಿಸಿಕೊಳ್ಳಲು ಅವರು ಪಟ್ಟ ಪಾಡು ದೊಡ್ಡದು.

ರಂಗರಾಯರು ಹುಟ್ಟಿದ್ದು 1859ರ ಜೂನ್ 29ರಂದು, ಕಾಸರಗೋಡಿನ ಕುದ್ಮುಲ್‌ನಲ್ಲಿ. ಆಗ ಕಾಸರಗೋಡು ಕೂಡ ಮದ್ರಾಸ್ ಪ್ರಾಂತ್ಯದ ದಕ್ಷಿಣ ಕನ್ನಡ ಜಿಲ್ಲೆಯೊಳಗೇ ಇತ್ತು. ಸಾರಸ್ವತ ಬ್ರಾಹ್ಮಣ ಮನೆತನ, ಆದರೆ ಮನೆಯಲ್ಲಿ ಅನುಕೂಲ ಇರಲಿಲ್ಲ. ಕೆಲಸ ಹುಡುಕಿಕೊಂಡು ಮಂಗಳೂರಿಗೆ ಬಂದರು. ಮೊದಲು ಶಾಲಾ ಮಾಸ್ಟ್ರಾದರು. ದುಡಿಯುತ್ತಲೇ ಓದಿ, ಪ್ಲೀಡರ್ ಪರೀಕ್ಷೆ ಪಾಸು ಮಾಡಿ ವಕೀಲರಾದರು. ಫೀಸು ಕೊಡಲು ಆಗದ ಬಡವರು ಹುಡುಕಿಕೊಂಡು ಬರುವ ವಕೀಲರು ಅಂತ ಹೆಸರಾಯಿತು. ಬ್ರಹ್ಮ ಸಮಾಜದ ಒಡನಾಟವೂ ಬೆಳೆಯಿತು. ಜಾತಿಯ ಮೇಲುಕೀಳನ್ನು ಒಪ್ಪದ ಆ ಬಳಗ ಮಂಗಳೂರಿನಲ್ಲಿ 1870ರಿಂದಲೇ ಇತ್ತು.

ಅವರನ್ನು ಈ ದಾರಿಗೆ ಎಳೆದದ್ದು ಕೋರ್ಟಿನ ಒಂದು ಘಟನೆ ಎನ್ನುತ್ತಾರೆ. ಕಷ್ಟಪಟ್ಟು ನಾಲ್ಕಕ್ಷರ ಕಲಿತ ದಲಿತ ಯುವಕನೊಬ್ಬನಿಗೆ ಕೋರ್ಟಿನಲ್ಲಿ ಜವಾನನ ಕೆಲಸ ಸಿಕ್ಕಿತ್ತು. ಅವನು ಒಳಗೆ ಓಡಾಡಿದರೆ ಮೈಲಿಗೆ ಅಂತ ಮೇಲ್ಜಾತಿಯವರು ತಿರುಗಿಬಿದ್ದರು. ರಂಗರಾಯರು ಅವನ ಪರ ನಿಂತರು. ಒಬ್ಬ ಹುಡುಗ ಓದಿ, ಅರ್ಹತೆ ಪಡೆದು, ಆರ್ಡರು ಕೈಗೆ ಬಂದ ಮೇಲೂ ಊರು ಬಾಗಿಲು ಹಾಕಬಹುದು ಎಂಬುದು ಅವರ ಕಣ್ಣೆದುರೇ ನಡೆದುಹೋಯಿತು.

ಆ ಕಾಲದಲ್ಲಿ ಸರಕಾರಿ ಶಾಲೆ ಎಲ್ಲರಿಗೂ ಅಂತ ಕಾಗದದಲ್ಲಿ ಇತ್ತು. ಆದರೆ ದಲಿತರ ಮಗು ಹೋಗಿ ಬೆಂಚಿನ ಮೇಲೆ ಕೂರುವ ಹಾಗಿರಲಿಲ್ಲ. ಆ ಮಕ್ಕಳಿಗಾಗಿಯೇ ರಂಗರಾಯರು 1892ರಲ್ಲಿ ಉರ್ವದ ಚಿಲಿಂಬಿಯಲ್ಲಿ ಬಾಡಿಗೆ ಮನೆ ಹಿಡಿದು ಶಾಲೆ ಶುರು ಮಾಡಿದರು. ಊರಿನವರ ವಿರೋಧಕ್ಕೆ ಶಾಲೆ ಅಲ್ಲಿ ನಿಲ್ಲಲಿಲ್ಲ, ಜಾಗ ಬದಲಾಯಿಸಬೇಕಾಯಿತು. ಸ್ವಂತ ಜಾತಿಯವರು ರಂಗರಾಯರಿಗೇ ಬಹಿಷ್ಕಾರ ಹಾಕಿದರು. ಆ ಮಕ್ಕಳಿಗೆ ಪಾಠ ಹೇಳಲು ಮೇಲ್ಜಾತಿಯ ಮಾಸ್ಟ್ರುಗಳು ಮುಂದೆ ಬರಲಿಲ್ಲ, ಕ್ರೈಸ್ತ ಶಿಕ್ಷಕರನ್ನು ಹುಡುಕಿ ತರಬೇಕಾಯಿತು.

ಇಷ್ಟಾದರೂ ಅವರು ಹಿಂದೆ ಸರಿಯಲಿಲ್ಲ. 1897ರಲ್ಲಿ ಡಿಪ್ರೆಸ್ಡ್ ಕ್ಲಾಸಸ್ ಮಿಷನ್ ಎಂಬ ಸಂಸ್ಥೆ ಕಟ್ಟಿದರು. ಒಬ್ಬ ವಕೀಲರ ಜೇಬಿನ ಮೇಲೆ ನಿಂತ ಶಾಲೆ ಅವರ ಜೊತೆಗೇ ಮುಗಿದುಹೋಗುತ್ತದೆ. ಸಂಸ್ಥೆ ಅಂತಾದರೆ ದಾನ ಕೇಳಬಹುದು, ಸರಕಾರಕ್ಕೆ ಅರ್ಜಿ ಹಾಕಬಹುದು. ಕೊಡಿಯಾಲಬೈಲಿನ ಶೇಡಿಗುಡ್ಡೆ ಈ ಮಿಷನ್ನಿನ ಮುಖ್ಯ ಕೇಂದ್ರವಾಯಿತು. ಅಲ್ಲಿಂದ ಶಾಲೆಗಳು ನಗರದ ಬೇರೆ ಕಡೆಗೂ, ಮೂಲ್ಕಿ, ಉಡುಪಿ ಕಡೆಗೂ ಹಬ್ಬಿದವು.

ಶಾಲೆ ಇದ್ದರೂ ಮಕ್ಕಳು ಬರುವುದು ಸುಲಭವಾಗಿರಲಿಲ್ಲ. ಕೂಲಿ ಮಾಡುವ ಮನೆಯಲ್ಲಿ ಮಗುವೂ ದುಡಿಯುವ ಕೈ. ಅದು ಶಾಲೆಗೆ ಹೋದರೆ ಆ ದಿನದ ಗಂಜಿಗೆ ಕಡಿಮೆ. ಇದನ್ನು ರಂಗರಾಯರು ಉಪದೇಶದಿಂದ ಸರಿಮಾಡಲು ಹೋಗಲಿಲ್ಲ. ಶಾಲೆಯಲ್ಲೇ ಮಧ್ಯಾಹ್ನದ ಊಟ ಹಾಕಿಸಿದರು. ಈಗ ಬಿಸಿಯೂಟ ಅಂದರೆ ಎಲ್ಲರಿಗೂ ಗೊತ್ತು. ಹೊಟ್ಟೆಗೂ ಹಾಜರಿಗೂ ಇರುವ ಈ ಸಂಬಂಧವನ್ನು ಅವರು ನೂರು ವರ್ಷದ ಹಿಂದೆಯೇ ಲೆಕ್ಕಕ್ಕೆ ಹಿಡಿದಿದ್ದರು.

ಆಮೇಲೆ ಒಂದೊಂದಾಗಿ ಉಳಿದ ಕೆಲಸ ಬಂತು. ದೂರದ ಮಕ್ಕಳಿಗೆ ಹಾಸ್ಟೆಲ್ ಮಾಡಿದರು. ಓದು ಮುಗಿದ ಮೇಲೆ ಮತ್ತೆ ಅದೇ ಧಣಿಯ ಅಂಗಳಕ್ಕೆ ಹೋಗಿ ನಿಲ್ಲಬಾರದು ಅಂತ ನೇಯ್ಗೆ, ಮರಗೆಲಸ ಕಲಿಸಿದರು. ಇನ್ನೊಬ್ಬರ ಜಾಗದಲ್ಲಿ ಗುಡಿಸಲು ಹಾಕಿಕೊಂಡಿರುವವರು ಧಣಿ ಬೇಡ ಅಂದ ದಿನ ಮಗುವನ್ನು ಶಾಲೆ ಬಿಡಿಸಲೇಬೇಕು. ಅದಕ್ಕಾಗಿ ಸರಕಾರದ ಬೆನ್ನು ಹತ್ತಿ ದಲಿತ ಕುಟುಂಬಗಳಿಗೆ ಮನೆ ಕಟ್ಟಲು ಜಾಗ ಕೊಡಿಸಿದರು. ಸಾಲಕ್ಕೆ ಸಾಹುಕಾರನ ಮನೆಗೆ ಹೋಗುವುದು ತಪ್ಪಲಿ ಅಂತ ಸಹಕಾರಿ ಸಂಘವನ್ನೂ ಮಾಡಿಸಿದರು. ಜಾಗ, ಸಾಲ, ಕಸುಬು ಎಲ್ಲ ಶಾಲೆಗೆ ಸಂಬಂಧವಿಲ್ಲದ ಸಂಗತಿ ಅಂತ ಕಾಣುತ್ತದೆ. ಆದರೆ ಮಗು ಶಾಲೆ ಬಿಡುತ್ತಿದ್ದದ್ದು ಇವುಗಳಿಂದಲೇ.

ಅವರ ಇನ್ನೊಂದು ಕೆಲಸದ ಬಗ್ಗೆ ಮಾತಾಡುವವರು ಕಡಿಮೆ. ಮದ್ರಾಸ್ ಪ್ರಾಂತ್ಯದಲ್ಲಿ ಆಗ ಪ್ರಾಥಮಿಕ ಶಾಲೆ, ರಸ್ತೆ, ಬಾವಿ ಇವೆಲ್ಲ ಬಹುಮಟ್ಟಿಗೆ ಪುರಸಭೆ ಮತ್ತು ಸ್ಥಳೀಯ ಬೋರ್ಡುಗಳ ಕೈಯಲ್ಲಿದ್ದವು. ಶಾಲೆ ಎಲ್ಲಿ, ಬಾವಿ ಯಾವ ಕೇರಿಗೆ ಅಂತ ತೀರ್ಮಾನ ಆಗುತ್ತಿದ್ದದ್ದು ಅಲ್ಲಿ. ಯಾರ ಮಕ್ಕಳಿಗೆ ಶಾಲೆ ಬೇಕಿತ್ತೋ ಅವರಲ್ಲಿ ಒಬ್ಬರೂ ಆ ಮೇಜಿನ ಹತ್ತಿರ ಇರಲಿಲ್ಲ. ಎಷ್ಟು ದಿನ ಅಂತ ಒಬ್ಬ ವಕೀಲರು ಅರ್ಜಿ ಬರೆದುಕೊಡುವುದು? ದಲಿತರಿಗೆ ಅಲ್ಲಿ ಪ್ರಾತಿನಿಧ್ಯ ಬೇಕು ಅಂತ ಅವರು ಹಟ ಹಿಡಿದರು. ಅಂಗಾರ ಮಾಸ್ಟ್ರು, ಗೋವಿಂದ ಮಾಸ್ಟ್ರು ಸ್ಥಳೀಯ ಸಂಸ್ಥೆಗಳಿಗೆ ಸದಸ್ಯರಾಗಿ ಹೋದದ್ದು ಈ ಪ್ರಯತ್ನದಿಂದ. ತನ್ನ ಮಾತನ್ನು ತಾನೇ ಆಡುವ ಜನ ಸಭೆಯಲ್ಲಿ ಕೂತದ್ದು, ಕಟ್ಟಡಕ್ಕಿಂತ ಗಟ್ಟಿ ಕೆಲಸ.

ಊರಿಗೆ ಹೇಳಿದ್ದನ್ನು ರಂಗರಾಯರು ಸ್ವಂತ ಮನೆಯಲ್ಲೂ ನಡೆಸಿದರು. ಮಗಳು ರಾಧಾಬಾಯಿ ಓದಿದರು, ಜಾತಿಯ ಹೊರಗಿನ ತಮಿಳು ಜಮೀನ್ದಾರರಾದ ಪಿ. ಸುಬ್ಬರಾಯನ್ ಅವರನ್ನು ಮದುವೆಯಾದರು. ಅಳಿಯ 1926ರಲ್ಲಿ ಮದ್ರಾಸ್ ಪ್ರಾಂತ್ಯದ ಮುಖ್ಯಮಂತ್ರಿಯಾದರು. ರಾಧಾಬಾಯಿ 1930ರಲ್ಲಿ ಲಂಡನ್ನಿನ ದುಂಡುಮೇಜಿನ ಸಭೆಗೆ ಹೋಗಿ ಮಹಿಳೆಯರ ಮತದಾನದ ಹಕ್ಕಿನ ಬಗ್ಗೆ ಮಾತಾಡಿದರು.

ರಂಗರಾಯರು 1927ರಲ್ಲಿ ಸನ್ಯಾಸ ತೆಗೆದುಕೊಂಡು ಈಶ್ವರಾನಂದ ಆದರು. 1928ರ ಜನವರಿ 30ರಂದು ತೀರಿಕೊಂಡರು. ತನ್ನ ಹೆಣವನ್ನು ಊರು ಗುಡಿಸುವ ತೋಟಿ ಸಮುದಾಯದವರೇ ಹೊರಬೇಕು ಎಂಬುದು ಅವರ ಕೊನೆಯ ಆಸೆಯಾಗಿತ್ತು, ಹಾಗೆಯೇ ಆಯಿತು. ಆರು ವರ್ಷ ಕಳೆದು 1934ರಲ್ಲಿ ಗಾಂಧೀಜಿ ಮಂಗಳೂರಿಗೆ ಬಂದಾಗ ಅವರ ಕೆಲಸವನ್ನು ಮೆಚ್ಚಿ ನೆನೆದರು.

ಅತ್ತಾವರದ ಬಾಬುಗುಡ್ಡೆಯಲ್ಲಿ ಅವರ ಸಮಾಧಿ ಇದೆ. ಜೀವ ಇರುವಾಗ ಅವರಿಗೆ ಒಂದು ಕನಸು ಇತ್ತು. ತಮ್ಮ ಶಾಲೆಯಲ್ಲಿ ಕಲಿತ ಮಗು ದೊಡ್ಡ ಹುದ್ದೆಗೆ ಹೋಗಬೇಕು, ಇದೇ ರಸ್ತೆಯಲ್ಲಿ ಕಾರಿನಲ್ಲಿ ಬರಬೇಕು, ಆ ಕಾರಿನ ಧೂಳು ತಮ್ಮ ತಲೆಯ ಮೇಲೆ ಬೀಳಬೇಕು. ಕೋರ್ಟಿನ ಬಾಗಿಲಲ್ಲಿ ತಡೆದು ನಿಲ್ಲಿಸಿದ ಆ ಯುವಕನನ್ನು ಕಂಡವರ ಕನಸು ಅದು.